ಅರ್ಜಿಯ ಏಳನೇ ಕಾಲಂ

ಅವನು ದಿನಾ ಸಂಜೆ ನನ್ನ ಶಾಲಿಗೆ ಇಸ್ತ್ರಿ ಹಾಕಿ ಕೊಡುತ್ತಿದ್ದ.

"ಉಣ್ಣೆ ಶಾಲಿಗೆ ಯಾರಾದ್ರೂ ಇಸ್ತ್ರಿ ಹಾಕ್ತಾರಾ?" ಅಂತ ಮೊದಲ ಸಲ ಕೇಳಿದ್ದೆ.

"ಶಾಲಿಗಲ್ಲ, ಚಳಿಗೆ ಹಾಕಿದ್ದು," ಅಂದಿದ್ದ. ನನ್ನ ಕಡೆ ನೋಡಿರಲಿಲ್ಲ. ಕಿವಿ ಮಾತ್ರ ಕೆಂಪಾಗಿತ್ತು.

ಪರದೇಶದ ಆ ಟೈಲರ್ ಅಂಗಡಿಯಲ್ಲಿ ನಾನು ಆಲ್ಟರೇಶನ್ ಮಾಡುವವಳು, ಅವನು ಇಸ್ತ್ರಿಯವನು. ಇಬ್ಬರೂ ಹೊರಗಿನವರೇ, ಆದರೆ ಬೇರೆ ಬೇರೆ ದೇಶದವರು. ನಾನು ಫೋನಿನಲ್ಲಿ ಅಮ್ಮನ ಜೊತೆ ಹರಟುವುದನ್ನು ಎರಡು ವರ್ಷ ಕೇಳಿ, ಕೇಳಿದ್ದನ್ನೆಲ್ಲ ನನ್ನ ಮೇಲೇ ಪ್ರಯೋಗಿಸಿ ಕನ್ನಡ ಕಲಿತಿದ್ದ. ನನಗೆ ಇಲ್ಲಿ ಕಾಯಂ ಆಗಿ ಇರುವ ಹಕ್ಕಿತ್ತು. ಅವನದು ವರ್ಷ ವರ್ಷ ರಿನ್ಯೂ ಮಾಡಿಸಬೇಕಾದ ಪರ್ಮಿಟ್.

ನಾನಿದ್ದದ್ದು ಅದೇ ಊರಿನ ಅಣ್ಣನ ಮನೆಯಲ್ಲಿ. ಮದುವೆಯಾಗ್ತೀಯಾ ಅಂತ ಅವನು ಕೇಳಿದ್ದನ್ನು ಅಲ್ಲಿ ಹೇಳಿದಾಗ ಅತ್ತಿಗೆ ಮೂಗು ಮುರಿದರು.

"ಅವನ ದೇಶದ ಗಂಡಸರು ಕಟ್ಟಿಕೊಳ್ಳೋದು ಹುಡುಗೀನಲ್ಲಮ್ಮಾ, ಅವಳ ಕಾಗದಪತ್ರಾನ."

ಅತ್ತಿಗೆ ಆ ದೇಶದ ಒಬ್ಬರ ಜೊತೆಗೂ ಮಾತಾಡಿದವರಲ್ಲ. ನಾನು ಎರಡು ವರ್ಷ ಮಾತಾಡಿದ್ದೆ. ಆದರೂ ಅತ್ತಿಗೆಯನ್ನೇ ನಂಬಿದೆ.

"ಈ ಸಲ ಪರ್ಮಿಟ್ ಅರ್ಜೀಲಿ ನನ್ನ ಹೆಸರು ಎಲ್ಲೂ ಬರಕೂಡದು. ಪರ್ಮಿಟ್ ಕೈಗೆ ಬಂದ ಮೇಲೆ ಮದುವೆ," ಅಂದೆ ಅವನಿಗೆ. ಅತ್ತಿಗೆ ಅಂದಿದ್ದನ್ನೂ ಹೇಳಿದೆ.

"ಪರೀಕ್ಷೆನಾ?"

"ಹಾಗೇ ಅಂದ್ಕೋ."

"ಪಾಸಾಗ್ತೀನಿ ಬಿಡು," ಅಂತ ನಕ್ಕ.

ಮೂರು ವಾರದ ನಂತರ ಎರಡು ಹಾಳೆ ತಂದು ನನ್ನ ಮಿಶನ್ ಮೇಲಿಟ್ಟ. ಒಂದರಲ್ಲಿ, ಪರ್ಮಿಟ್ ಇಲ್ಲ, ಹದಿನೈದು ದಿನದಲ್ಲಿ ದೇಶ ಬಿಡಬೇಕು ಅಂತಿತ್ತು. ಇನ್ನೊಂದು ಅವನ ಅರ್ಜಿಯ ನಕಲು. ಏಳನೇ ಕಾಲಂ: ಈ ದೇಶದಲ್ಲಿ ನಿಮ್ಮವರು ಯಾರಿದ್ದಾರೆ? ಅವನು ಬರೆದಿದ್ದ: ಯಾರೂ ಇಲ್ಲ.

"ಆಫೀಸಿನವಳು ಎರಡು ಸಲ ಕೇಳಿದಳು. ಮದುವೆ ನಿಶ್ಚಯ ಆಗಿದ್ರೂ ಬರೀರಿ, ಸಾಕು ಅಂದಳು."

"ಬರೀಬೇಕಿತ್ತು ಕಣೋ."

"ನೀನು ಬೇಡ ಅಂದಿದ್ದೆ."

"ನಾಳೇನೇ ರಿಜಿಸ್ಟರ್ ಮಾಡಿಸೋಣ."

"ಈಗ ಆದ್ರೆ ಕಾಗದಕ್ಕೇ ಆದ ಹಾಗೆ. ಹತ್ತು ವರ್ಷ ಬಿಟ್ಟು ಯಾವುದೋ ಸಣ್ಣ ಜಗಳದಲ್ಲಿ ನೀನು ಅದನ್ನೇ ಎತ್ತಿ ಆಡ್ತೀಯ."

"ಆಡಲ್ಲ."

"ಆಡದೇ ಇರಬಹುದು. ಯಾವತ್ತು ಆಡ್ತೀಯೋ ಅಂತ ನಾನು ಕಾಯ್ತಾನೇ ಇರ್ತೀನಿ."

"ಹಾಗಾದ್ರೆ ನಾನೇ ನಿನ್ನ ದೇಶಕ್ಕೆ ಬರ್ತೀನಿ."

"ಅಲ್ಲಿಯ ಜನ ಹೇಗೆ ಅಂತ ಮೊದಲು ನಿಮ್ಮತ್ತಿಗೇನ ಕೇಳ್ಕೋ," ಅಂದ. ಅಷ್ಟು ಮೆಲ್ಲಗೆ ಅಂದ, ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಕೊನೆಯ ಸಂಜೆಯೂ ಶಾಲು ಬೆಚ್ಚಗೆ ಮಡಿಸಿ ಕೈಗಿಟ್ಟ. ಅದನ್ನು ಹೊದೆಯದೆ ಎದೆಗೆ ಅವಚಿಕೊಂಡು ದಾರಿಯುದ್ದಕ್ಕೂ ಅತ್ತೆ. ಮನೆ ತಲುಪುವಷ್ಟರಲ್ಲಿ ಅದು ತಣ್ಣಗಾಗಿತ್ತು.

"ಹೊರಟೇಬಿಟ್ಟನಾ?" ಬಾಗಿಲು ತೆಗೆದ ಅತ್ತಿಗೆ ಕೇಳಿದರು. "ನಾನು ಹೇಳಿರಲಿಲ್ವಾ, ಕೈ ಕೊಡ್ತಾನೆ ಅಂತ. ಆ ದೇಶದವರ ಬುದ್ಧಿನೇ ಅಷ್ಟು."

"ಕೈ ಕೊಟ್ಟಿದ್ದು ಅವನಲ್ಲ ಅತ್ತಿಗೆ, ನಾನು."

ಅವರಿಗೆ ಅರ್ಥವಾಗಲಿಲ್ಲ. ಶಾಲು ಮುಟ್ಟಿ ನೋಡಿ, "ಅಯ್ಯೋ, ಒದ್ದೆಯಾಗಿದೆಯಲ್ಲೇ. ಇಸ್ತ್ರಿ ಹಾಕಿ ಕೊಡ್ಲಾ?" ಅಂದರು.