ಬೆನ್ನ ಹಿಂದಿನ ಹುಕ್ಕು

ಮುಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಮೂರು ಸಲ ಕೂಗಿದೆ. ಉತ್ತರವಿಲ್ಲ. ಮನೆಗೆ ಸುತ್ತು ಹಾಕಿ ಹಿತ್ತಿಲಿಗೆ ಹೋದೆ. ಹಿಂಬಾಗಿಲು ಬರೀ ಮುಂದಕ್ಕೆ ಎಳೆದಿತ್ತು. ತಳ್ಳಿದೆ, ತೆರೆಯಿತು.

ರಾಣಿ ಮಹಡಿ ಮೆಟ್ಟಿಲಿನ ಬುಡದಲ್ಲಿ ಬಿದ್ದಿದ್ದಳು. ಮುಖ ಗೋಡೆಯ ಕಡೆಗೆ. ಒಂದು ಕೈ ಮುಂದಕ್ಕೆ ಚಾಚಿತ್ತು. ಮುಟ್ಟಿ ನೋಡಿದೆ. ತಣ್ಣಗಿತ್ತು.

ಮೈಮೇಲೆ ನಾಟಕದ ಕಾಲದ ನೀಲಿ ನಿಲುವಂಗಿ ಇತ್ತು. ಅದನ್ನು ನೋಡಿದ ಮೇಲೆ ನಾನು ನೆಲದ ಮೇಲೆ ಕೂತುಬಿಟ್ಟೆ.

ಆ ನಿಲುವಂಗಿಯನ್ನು ಬಿಚ್ಚಿ ಹೊಲಿಯುವುದಕ್ಕೇ ನಾನು ಕತ್ತರಿ, ದಾರ ಹಿಡಿದು ಬಂದಿದ್ದೆ. ಅದರ ಹುಕ್ಕುಗಳೆಲ್ಲ ಬೆನ್ನಿಗೆ. ಕುತ್ತಿಗೆಯಿಂದ ಸೊಂಟದ ಕೆಳಗಿನ ತನಕ ಹನ್ನೊಂದು. ಮನೆಯಲ್ಲಿ ಒಬ್ಬಳೇ ಇರುವ ಹೆಂಗಸು ಅದನ್ನು ತೊಡಲಾರಳು.

ನಾಟಕದ ಕಂಪನಿಯಲ್ಲಿ ಮೂವತ್ತು ವರ್ಷ ಬಟ್ಟೆ ಹೊಲಿದವಳು ನಾನು. ಎಲ್ಲರ ಬಾಯಲ್ಲೂ ನನ್ನ ಹೆಸರು ಸೂಜಿ. ವಯಸ್ಸಾದ ಮೇಲೆ ಸೂಜಿಯಮ್ಮ. ರಾಣಿಯೂ ನಾವಿಟ್ಟ ಹೆಸರೇ. ಅವಳು ಬಂದಾಗ ಪರದೆಯ ಹಿಂದೆ ನಿಂತು ಹಾಡುವವರ ಸಾಲಿನಲ್ಲಿ ಕೊನೆಯವಳು. ಆಮೇಲೆ ರಂಗದ ಮೇಲೆ ರಾಣಿಯಾದಳು. ಕಂಪನಿ ಮುಚ್ಚಿದ ಮೇಲೆ ರೇಡಿಯೋ ನಾಟಕ. ಆಮೇಲೆ ಹನ್ನೊಂದು ವರ್ಷ ಟೀವಿ ಸೀರಿಯಲ್. ಅದರಲ್ಲಿ ಮೊದಲು ಹೆಂಡತಿ, ಆಮೇಲೆ ಅತ್ತೆ, ಕೊನೆಗೆ ಅಜ್ಜಿ. ಆರು ವರ್ಷದ ಹಿಂದೆ ಆ ಅಜ್ಜಿಯನ್ನು ಕಥೆಯವರು ಸಾಯಿಸಿದರು. ಆವತ್ತಿನಿಂದ ಅವಳ ಮನೆ ಬಾಗಿಲನ್ನು ಯಾರೂ ತಟ್ಟಲಿಲ್ಲ.

ಹೋದ ವಾರ ಫೋನ್ ಮಾಡಿದಳು.

"ಸೂಜಿ, ಶುಕ್ರವಾರ ಟೀವಿಯವರು ಬರ್ತಾರೆ ಕಣೇ. ಅರ್ಧ ಗಂಟೆ ನನ್ನ ಬಗ್ಗೇನೇ. ನೀಲೀದು ಹಾಕ್ಕೋಬೇಕು. ಹುಕ್ಕು ಮುಂದಕ್ಕೆ ಮಾಡಿಕೊಡು. ಬುಧವಾರ ಬರ್ತೀಯಾ?"

"ಶಾಲೆ ಮಕ್ಕಳ ಬಟ್ಟೆ ತಲೆ ಮೇಲೆ ಕೂತಿದೆ. ಗುರುವಾರ ಬರ್ತೀನಿ," ಎಂದೆ.

ಹುಕ್ಕು ಮುಂದಕ್ಕೆ ಯಾಕೆ ಎಂದು ನಾನು ಕೇಳಲಿಲ್ಲ. ದರ್ಜಿಗಳು ಅದನ್ನು ಕೇಳುವುದಿಲ್ಲ. ಹಾಕಿಕೊಡುವವರು ಇಲ್ಲದೆ ನನ್ನ ಬಟ್ಟೆಗಳ ಹುಕ್ಕು ಮುಂದಕ್ಕೆ ಬಂದು ಹದಿನಾಲ್ಕು ವರ್ಷವಾಯಿತು.

* * *

ಇನ್ಸ್‌ಪೆಕ್ಟರ್ ನಡುವಯಸ್ಸಿನ ಹೆಂಗಸು. ಮಾತು ಕಡಿಮೆ. ಫೋಟೋದವನು ತನ್ನ ಕೆಲಸ ಮುಗಿಸಿದ. ಆಕೆ ನಿಂತುಕೊಂಡೇ ಬರೆದರು. ಬರೆದದ್ದನ್ನು ಓದಿಯೂ ಹೇಳಿದರು.

"ಒಂಟಿ ವೃದ್ಧೆ. ನಿನ್ನೆ ಸಂಜೆ ಉದ್ದನೆಯ ಬಟ್ಟೆ ಕಾಲಿಗೆ ತೊಡರಿ ಮೆಟ್ಟಿಲಿನಿಂದ ಬಿದ್ದಿದ್ದಾರೆ. ಹಿಂಬಾಗಿಲ ಚಿಲಕ ಮರೆತಿದ್ದಾರೆ. ಸರಿನಾ ಅಮ್ಮ?"

"ಮೇಡಂ, ಒಂದು ಸಲ ನಿಮ್ಮ ಕೈ ಬೆನ್ನ ಹಿಂದೆ ತಗೊಂಡು ಹೋಗಿ. ಎರಡು ಭುಜದ ನಡುವೆ ಬೆರಳು ಮುಟ್ಟುತ್ತಾ?"

ಆಕೆ ನನ್ನನ್ನೇ ನೋಡಿದರು. ಪೆನ್ನು ಬಾಯಲ್ಲಿ ಕಚ್ಚಿ ಪ್ರಯತ್ನಿಸಿದರು. ಮುಟ್ಟಲಿಲ್ಲ.

"ಅವಳಿಗೆ ಎಪ್ಪತ್ತೊಂದು," ಎಂದೆ. "ಬಲ ಭುಜ ಮೇಲಕ್ಕೇ ಏಳ್ತಿರಲಿಲ್ಲ. ಯಾರೋ ತೊಡಿಸಿದ್ದಾರೆ."

"ಹುಕ್ಕು ಹಾಕೋದು ಗೊತ್ತಿರೋರು ಅಂದ್ರೆ ಮೊದಲು ನೀವೇ."

"ನಾನೇ. ನಿನ್ನೆ ಸಂಜೆ ಏಳರ ತನಕ ಅಂಗಡೀಲಿ ಕೂತಿದ್ದೆ. ನಾಲ್ಕು ಜನ ತಾಯಂದಿರು ಎದುರಿಗೇ ಕೂತು ಪ್ರಾಣ ತಿಂತಿದ್ರು. ಕೇಳಿ ನೋಡಿ."

ಆಕೆಯ ತುಟಿಯಲ್ಲಿ ನಗು ಬಂದಂತಾಗಿ ಹೋಯಿತು.

"ಎಡವಿ ಬಿದ್ದಳು ಅಂತ ಬರೆದುಬಿಟ್ರೆ ಅಲ್ಲಿಗೆ ಮುಗೀತು ಮೇಡಂ," ಎಂದೆ. "ಇಲ್ಲ ಅಂತ ಹೇಳೋಕೆ ಅವಳಿಗೆ ಬೇರೆ ಯಾರೂ ಇಲ್ಲ."

ಆಕೆ ಪುಸ್ತಕ ಮುಚ್ಚಿದರು. "ನಡೀರಿ. ನಿಮ್ಮ ನಾಟಕದವರು ನನಗೆ ಗೊತ್ತಿಲ್ಲ. ನೀವೂ ಜೊತೇಲಿರಿ."

* * *

ಎದುರಿನ ಇಸ್ತ್ರಿ ಅಂಗಡಿಯವನು ದಿನವಿಡೀ ಬೀದಿಗೆ ಮುಖ ಮಾಡಿ ನಿಲ್ಲುವವನು. ಬುಧವಾರ ಅವಳ ಮನೆಗೆ ಇಬ್ಬರು ಬಂದಿದ್ದರಂತೆ. ಎರಡು ಗಂಟೆಗೆ ನಮ್ಮ ಕಂಪನಿಯ ಪಿಟೀಲು ಮೇಷ್ಟ್ರು. ಮೂರಕ್ಕೆ ಟೀವಿಯ ಒಬ್ಬಾಕೆ.

"ಮೇಷ್ಟ್ರ ಜೊತೆ ಜಗಳ ಜೋರಾಗೇ ಇತ್ತು," ಎಂದ. "ಇಲ್ಲೀ ತನಕ ಕೇಳಿಸ್ತಿತ್ತು. ಮೇಷ್ಟ್ರು ಮೂರಕ್ಕೆ ಮುಂಚೇನೇ ಹೋದ್ರು, ಟೀವಿಯಮ್ಮ ಮೂರೂವರೆಗೆ ಹೋದ್ರು. ಆಮೇಲೆ ಈ ಬಾಗಿಲಿಗೆ ಯಾರೂ ಬರ್ಲಿಲ್ಲ."

ಅಷ್ಟರಲ್ಲಿ ರಾಣಿಯನ್ನು ಒಯ್ದಿದ್ದ ಆಸ್ಪತ್ರೆಯಿಂದ ಫೋನ್ ಬಂತು. ಬಿದ್ದದ್ದು ನಾಲ್ಕರಿಂದ ಐದರ ಒಳಗೆ. ಬಿದ್ದ ಮೇಲೆ ಒಂದು ಗಂಟೆಗೂ ಹೆಚ್ಚು ಜೀವ ಇತ್ತು. ಆಗಲೇ ಕರೆತಂದಿದ್ದರೆ ಉಳಿಯುತ್ತಿದ್ದರೋ ಏನೋ.

ಇನ್ಸ್‌ಪೆಕ್ಟರ್ ಇಷ್ಟನ್ನು ಹೇಳಿ ಬೀದಿಯ ಕಡೆ ನೋಡಿದರು. ನಾನೂ ಬೀದಿಯನ್ನೇ ನೋಡಿದೆ.

ಮನೆಯ ಮುಂದೆ ಆಗಲೇ ಜನ ಸೇರಿದ್ದರು. ಜಗುಲಿಯ ಕುರ್ಚಿಯಲ್ಲಿ ಯಜಮಾನ್ರು ಕೂತಿದ್ದರು. ನಾಟಕದಲ್ಲಿ ರಾಣಿಯ ಗಂಡ, ರೇಡಿಯೋದಲ್ಲಿ ರಾಣಿಯ ಗಂಡ, ಸೀರಿಯಲ್ಲಿನಲ್ಲಿಯೂ ಗಂಡ. ಹೀಗಾಗಿ ಎಲ್ಲರಿಗೂ ಅವರು ಯಜಮಾನ್ರು. ಇಬ್ಬರಿಗೂ ನಿಜವಾದ ಮದುವೆ ಆಗಲೇ ಇಲ್ಲ. ಅಕ್ಕಪಕ್ಕದ ಹೆಂಗಸರು ಒಬ್ಬೊಬ್ಬರಾಗಿ ಬಂದು ಅವರಿಗೆ ಕೈ ಮುಗಿಯುತ್ತಿದ್ದರು.

"ಧೈರ್ಯ ತಗೊಳ್ಳಿ ಯಜಮಾನ್ರೇ. ನಿಮಗೆ ಆ ದೇವರೇ ಶಕ್ತಿ ಕೊಡ್ಬೇಕು."

ಅವರು ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದರು. ನನ್ನನ್ನು ಕಂಡು ಎದ್ದರು.

"ಸೂಜಿ, ಹೀಗಾಗೋಯ್ತಲ್ಲ. ನಾನು ಈ ಮನೆಗೆ ಬಂದೇ ಎರಡು ತಿಂಗಳಾಗಿತ್ತು. ಬಂದಿದ್ರೆ ಇದು ಆಗ್ತಿತ್ತಾ?"

ಮತ್ತೊಬ್ಬರು ಬಂದರು. ಯಜಮಾನ್ರು ಮತ್ತೆ ಕೂತರು.

* * *

ಪಿಟೀಲು ಮೇಷ್ಟ್ರ ಕೋಣೆ ಮೂರನೇ ಮಹಡಿಯಲ್ಲಿ. ಬಾಗಿಲು ತೆರೆಯುವುದಕ್ಕೇ ತುಂಬ ಹೊತ್ತು ಹಿಡಿಯಿತು. ಪಿಟೀಲಿನ ಪೆಟ್ಟಿಗೆ ಬೀರುವಿನ ಮೇಲಿತ್ತು. ಅದರ ಮೇಲೆ ಧೂಳು, ಧೂಳಿನ ಮೇಲೆ ಹಳೇ ಪತ್ರಿಕೆ.

"ಜಗಳ ಆಡಿದ್ದು ಹೌದು," ಎಂದರು ಮೇಷ್ಟ್ರು. "ಕಾರ್ಯಕ್ರಮದಲ್ಲಿ ಹಾಡ್ತೀನಿ ಅಂದ್ಲು. ಶ್ರುತಿ ಇಳಿಸು, ಗಂಟಲು ಮೊದಲಿನ ಹಾಗಿಲ್ಲ ಅಂದೆ. ನಿಮ್ಮ ಕಿವಿ ಮೊದಲಿನ ಹಾಗಿಲ್ಲ ಅಂದ್ಲು. ನಲವತ್ತು ವರ್ಷದಿಂದ ಇದೇ ಜಗಳ. ಬೇರೆ ಜಗಳ ನಮಗೆ ಬರಲ್ಲ."

"ಅವರ ಬಟ್ಟೆಯ ಹುಕ್ಕು ನೀವು ಹಾಕಿದ್ರಾ?" ಇನ್ಸ್‌ಪೆಕ್ಟರ್ ಕೇಳಿದರು.

ಮೇಷ್ಟ್ರು ಎರಡೂ ಕೈಯನ್ನು ಮೇಜಿನ ಮೇಲಿಟ್ಟರು. ಬೆರಳ ಗೆಣ್ಣುಗಳೆಲ್ಲ ಊದಿ ಸೊಟ್ಟಗಾಗಿದ್ದವು. ಅವರ ಅಂಗಿಯ ಒಂದು ಗುಂಡಿಯನ್ನೂ ಹಾಕಿರಲಿಲ್ಲ.

"ಪಿಟೀಲು ಮುಟ್ಟಿ ಮೂರು ವರ್ಷ ಆಯ್ತು. ಯಾರಿಗೂ ಹೇಳಿಲ್ಲ. ಹೇಳಿದ್ರೆ ಕರೆಯೋದೇ ಬಿಡ್ತಾರೆ ಅಂತ." ಕೈಗಳನ್ನು ಮೇಜಿನ ಕೆಳಕ್ಕೆ ಸರಿಸಿಕೊಂಡರು. "ಹೇಗೂ ಕರೆಯಲ್ಲ, ಬಿಡಿ."

* * *

ಟೀವಿಯಾಕೆ ಉಡುಪಿನ ವಿಭಾಗದವಳು. ನಲವತ್ತೈದಿರಬಹುದು. ಸೊಂಟದ ಚೀಲದ ತುಂಬ ಕಬ್ಬಿಣದ ಕ್ಲಿಪ್ಪು.

"ನಾವು ಹುಕ್ಕಿನ ಗೋಜಿಗೇ ಹೋಗಲ್ಲ," ಎಂದಳು. "ಕ್ಯಾಮೆರಾಗೆ ಬೆನ್ನು ಕಾಣಲ್ಲ. ಹಿಂದಿನಿಂದ ಹಿಡಿದು ನಾಲ್ಕು ಕ್ಲಿಪ್ ಹಾಕಿದ್ರೆ ಮುಗೀತು. ನಿನ್ನೆ ಅದನ್ನೂ ಹಾಕಲಿಲ್ಲ. ಬಟ್ಟೆಯ ಬಣ್ಣ ನೋಡ್ಕೊಂಡು ಬಂದೆ, ಅಷ್ಟೇ."

ತನ್ನ ಫೋನಿನಲ್ಲಿ ಚಿತ್ರ ತೋರಿಸಿದಳು. ನಿಲುವಂಗಿ ಗೋಡೆಯ ಗೂಟಕ್ಕೆ ತೂಗುತ್ತಿತ್ತು. ಮೂರು ಇಪ್ಪತ್ತಕ್ಕೆ ತೆಗೆದ ಚಿತ್ರ.

"ಪಾಪ, ಅವರ ಗಂಡ ಹೇಗಿದ್ದಾರೆ?" ಎಂದಳು.

"ಅವಳಿಗೆ ಗಂಡ ಇಲ್ಲಮ್ಮ."

"ಅಯ್ಯೋ, ಸೀರಿಯಲ್‌ನಲ್ಲಿ ಇದ್ರಲ್ಲ. ನಿನ್ನೆ ಬೆಳಿಗ್ಗೆ ನಮ್ಮ ಆಫೀಸಿಗೆ ಫೋನ್ ಮಾಡಿದ್ರು. ನನ್ನ ಕುರ್ಚಿ ಯಾವ ಕಡೆ ಹಾಕ್ತೀರಿ ಅಂತ ಕೇಳಿದ್ರು. ನಾನು ಹೋಗಿ ಆಯಮ್ಮನ್ನ ಕೇಳ್ದೆ. ನಕ್ಕುಬಿಟ್ರು. ಒಂದೇ ಕುರ್ಚಿ ಹಾಕಿ ಅಂದ್ರು."

ಇನ್ಸ್‌ಪೆಕ್ಟರ್ ನನ್ನ ಕಡೆ ತಿರುಗಿದರು.

* * *

ಠಾಣೆಯಲ್ಲಿ ಫೋಟೋಗಳನ್ನು ಮೇಜಿನ ಮೇಲೆ ಹರಡಿದರು. "ನೋಡ್ಬೇಕು ಅನ್ಸಿದ್ರೆ ನೋಡಿ," ಎಂದರು. ನೋಡಿದೆ. ಒಂದರಲ್ಲಿ ಬೆನ್ನು ಪೂರ್ತಿ ಕಾಣುತ್ತಿತ್ತು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ.

ಹನ್ನೊಂದರಲ್ಲಿ ಮೂರೇ ಹುಕ್ಕು ಹಾಕಿತ್ತು. ಕುತ್ತಿಗೆಯದು, ಭುಜಗಳ ನಡುವಿನದು, ಸೊಂಟದ್ದು. ಉಳಿದ ಎಂಟೂ ಬಾಯಿ ಬಿಟ್ಟುಕೊಂಡಿದ್ದವು.

"ಅವಸರದಲ್ಲಿ ಹಾಕಿರ್ಬೇಕು," ಎಂದರು ಇನ್ಸ್‌ಪೆಕ್ಟರ್. "ನೀವಾಗಿದ್ರೆ?"

"ಹನ್ನೊಂದೂ ಹಾಕ್ತಿದ್ದೆ. ಒಂದು ಬಿಟ್ರೂ ನನಗೆ ನಿದ್ದೆ ಬರಲ್ಲ. ಇದು ಅವಸರ ಅಲ್ಲ ಮೇಡಂ. ಇದು ಅಭ್ಯಾಸ."

ಹೇಳಿದೆ. ಕಂಪನಿ ಊರೂರು ಸುತ್ತುವಾಗ ದರ್ಜಿಯನ್ನು ಕರೆದೊಯ್ಯುತ್ತಿರಲಿಲ್ಲ. ಎರಡನೇ ಅಂಕ ಮುಗಿದು ಮೂರನೆಯದಕ್ಕೆ ರಾಣಿ ಬಟ್ಟೆ ಬದಲಿಸಬೇಕು. ನಲವತ್ತು ಎಣಿಸುವಷ್ಟೇ ಹೊತ್ತು. ಪರದೆಯ ಪಕ್ಕದಲ್ಲಿ ಯಜಮಾನ್ರು ಬಲಗೈಯಲ್ಲಿ ಹಚ್ಚಿದ ದೀಪ ಹಿಡಿದು ತಮ್ಮ ಪ್ರವೇಶಕ್ಕೆ ಕಾದು ನಿಂತಿರುತ್ತಿದ್ದರು. ಬಿಡುವಾಗಿ ಇದ್ದದ್ದು ಅವರ ಎಡಗೈ ಒಂದೇ. ಆ ಒಂದು ಕೈಯಲ್ಲಿ ಮೂರು ಹುಕ್ಕು ಹಾಕುತ್ತಿದ್ದರು. ಮೇಲೆ ಶಾಲು ಹೊದ್ದರೆ ಉಳಿದದ್ದು ಕಾಣುವುದಿಲ್ಲ. ಪ್ರತಿ ವರ್ಷ ತಿರುಗಾಟ ಮುಗಿಸಿ ಬಂದಾಗ ನಿಲುವಂಗಿ ನನ್ನ ಕೈಗೆ ಬರುತ್ತಿತ್ತು. ಎಂಟು ಹುಕ್ಕು ಹೊಸದರಂತೆ, ಮೂರು ಸೊಟ್ಟ. ಇದ್ಯಾರ ಕೈಯೇ ಎಂದು ಬೈದರೆ ರಾಣಿ ನಗುತ್ತಿದ್ದಳು. ನಮ್ಮ ಯಜಮಾನ್ರದು ಕಣೇ, ಇನ್ನೊಂದು ಕೈಲಿ ದೀಪ ಇರುತ್ತಲ್ಲ, ಎನ್ನುತ್ತಿದ್ದಳು.

"ಇದನ್ನ ಕೋರ್ಟು ಒಪ್ಪಲ್ಲ ಅಮ್ಮ," ಎಂದರು ಇನ್ಸ್‌ಪೆಕ್ಟರ್.

"ಕೋರ್ಟು ಬೇಡ. ಅವರು ಒಪ್ಪಿದ್ರೆ ಸಾಕು."

* * *

ಮರುದಿನ ಮಧ್ಯಾಹ್ನ ಯಜಮಾನ್ರನ್ನು ನನ್ನ ಅಂಗಡಿಗೆ ಕರೆಸಿದರು. ಬಟ್ಟೆ ಗುರುತಿಸಿ ಸಹಿ ಹಾಕಬೇಕು ಎಂದಿದ್ದರು. ಅಳತೆಯ ಗೊಂಬೆಗೆ ನೀಲಿ ನಿಲುವಂಗಿ ತೊಡಿಸಿ ಬೆನ್ನು ಈ ಕಡೆಗೆ ತಿರುಗಿಸಿದ್ದೆ. ಹುಕ್ಕೆಲ್ಲ ಬಿಚ್ಚಿತ್ತು. ಇನ್ಸ್‌ಪೆಕ್ಟರ್ ಬಾಗಿಲ ಬಳಿ ನಿಂತಿದ್ದರು.

"ಯಜಮಾನ್ರೇ, ನನ್ನ ಕಣ್ಣು ಮಂಜಾಗಿದೆ," ಎಂದೆ. "ಸ್ವಲ್ಪ ಹುಕ್ಕು ಹಾಕಿಕೊಡ್ತೀರಾ?"

ಅವರು ಯೋಚಿಸಲಿಲ್ಲ. ಗೊಂಬೆಯ ಹಿಂದೆ ಬಂದು ನಿಂತರು. ಬಲಗೈ ತಾನಾಗಿ ಭುಜದ ಎತ್ತರಕ್ಕೆ ಏರಿ ನಿಂತಿತು, ಏನನ್ನೋ ಹಿಡಿದಂತೆ. ಎಡಗೈ ಕುತ್ತಿಗೆಯ ಹುಕ್ಕು ಹಾಕಿತು. ಭುಜಗಳ ನಡುವಿನದು ಹಾಕಿತು. ಸೊಂಟದ್ದು ಹಾಕಿತು. ಹಿಂದಕ್ಕೆ ಸರಿದರು.

"ಉಳಿದ ಎಂಟು?" ಎಂದರು ಇನ್ಸ್‌ಪೆಕ್ಟರ್.

ಯಜಮಾನ್ರು ಗೊಂಬೆಯ ಬೆನ್ನು ನೋಡಿದರು. ಆಮೇಲೆ ಗಾಳಿಯಲ್ಲಿ ನಿಂತಿದ್ದ ತಮ್ಮ ಬಲಗೈ ನೋಡಿದರು. ಇನ್ಸ್‌ಪೆಕ್ಟರ್ ಫೋಟೋ ತಂದು ಗೊಂಬೆಯ ಪಕ್ಕದಲ್ಲಿ ಹಿಡಿದರು.

"ಮೇಷ್ಟ್ರ ಬೆರಳು ಹುಕ್ಕು ಹಿಡಿಯಲ್ಲ," ಎಂದೆ. "ಟೀವಿಯಾಕೆ ಕ್ಲಿಪ್ ಹಾಕೋಳು. ನಾನು ಎಲ್ಲಾನೂ ಹಾಕೋಳು. ಇಸ್ತ್ರಿಯವನು ನಿಮ್ಮನ್ನ ನೋಡ್ಲಿಲ್ಲ, ಯಾಕಂದ್ರೆ ನೀವು ಹಿಂಬಾಗಿಲಿಂದ ಬಂದ್ರಿ. ನಾಟಕದೋರು ಯಾವತ್ತು ಮುಂಬಾಗಿಲಿಂದ ಒಳಗೆ ಹೋಗಿದ್ದಾರೆ, ಹೇಳಿ?"

ಅವರು ನನ್ನ ಹೊಲಿಗೆಯ ಸ್ಟೂಲಿನ ಮೇಲೆ ಕೂತರು.

"ಆರು ವರ್ಷ ಆಯ್ತು ಸೂಜಿ, ನನ್ನ ಯಾರೂ ಕರೆದು. ಹೊಸ ಸೀರಿಯಲ್‌ಗೆ ಹಳೇ ಮುಖ ಹುಡುಕ್ತಿದ್ದಾರೆ ಅಂತ ಕೇಳಿದ್ದೆ. ಎರಡು ನಿಮಿಷ ಪಕ್ಕದಲ್ಲಿ ಕೂತಿದ್ರೆ ಸಾಕಿತ್ತು."

"ಅವಳನ್ನ ಕೇಳಿದ್ರಾ?" ಎಂದೆ.

"ಮೊದಲು ತೊಡು, ನೋಡೋಣ ಅಂದೆ. ನಾನೇ ಹುಕ್ಕು ಹಾಕ್ದೆ. ಮೆಟ್ಟಿಲ ಮೇಲ್ಗಡೆ ನಿಂತು ಹೇಗಿದ್ದೀನಿ ಅಂದ್ಲು. ಆಗ ಕೇಳ್ದೆ. ಬೇಡ ಅಂದ್ಲು. ಜೀವಮಾನವೆಲ್ಲ ನಿಮ್ಮ ಪಕ್ಕದಲ್ಲೇ ನಿಂತಿದ್ದೀನಿ, ಒಂದು ಸಲ ನಾನೊಬ್ಳೇ ಕೂತ್ಕೋತೀನಿ ಅಂದ್ಲು. ತೋಳು ಹಿಡ್ಕೊಂಡೆ. ಕೊಡವಿದ್ಲು. ತಳ್ಳಿದೆ."

"ಬಿದ್ದ ಮೇಲೆ?" ಇನ್ಸ್‌ಪೆಕ್ಟರ್ ಕೇಳಿದರು.

"ರೀ ಅಂದ್ಲು." ಅವರ ದನಿ ಕೇಳಿಸದಷ್ಟು ಇಳಿದಿತ್ತು. "ನಾಟಕದ ಹೊರಗೆ ಅವಳು ನನ್ನ ಒಂದು ದಿನಾನೂ ಹಾಗೆ ಕರೆದಿರ್ಲಿಲ್ಲ."

"ಒಬ್ಬರನ್ನ ಕೂಗಿ ಕರೆಯೋಕೆ ಏನಾಗಿತ್ತು?"

"ಮುಂಬಾಗಿಲು ತೆಗೆದ್ರೆ ಬೀದಿಗೆಲ್ಲ ನನ್ನ ಮುಖ ಗೊತ್ತು ಮೇಡಂ. ನನ್ನ ಹತ್ರ ಉಳಿದಿದ್ದು ಆ ಮುಖ ಒಂದೇ. ಹಿಂಬಾಗಿಲು ಎಳ್ಕೊಂಡು ಹೋದೆ."

ನನಗೆ ಬೈಗುಳ ಬಾಯಿಗೆ ಬಂತು. ಆದರೆ ಬುಧವಾರ ಬಾ ಎಂದು ಅವಳು ಕರೆದದ್ದು ನನ್ನನ್ನೂ ಹೌದು.

ಇನ್ಸ್‌ಪೆಕ್ಟರ್ ಪುಸ್ತಕ ತೆರೆದು ಮೊದಲು ಬರೆದಿದ್ದ ಸಾಲನ್ನು ಹೊಡೆದುಹಾಕಿದರು.

* * *

ಹೆಣವನ್ನು ಪಡೆಯಲು ಆಸ್ಪತ್ರೆಗೆ ನಾನು, ಪಿಟೀಲು ಮೇಷ್ಟ್ರು ಹೋದೆವು. ಮೇಷ್ಟ್ರಿಗೆ ಪೆನ್ನು ಹಿಡಿಯಲು ಆಗದು. ಗುಮಾಸ್ತ ಕಾಗದವನ್ನು ನನ್ನ ಕಡೆಗೆ ತಿರುಗಿಸಿದ.

"ಸತ್ತೋರಿಗೆ ನೀವೇನಾಗ್ಬೇಕು?"

"ಬಟ್ಟೆ ಹೊಲೀತಿದ್ದೆ."

"ಅದು ಸಂಬಂಧ ಅಲ್ಲಮ್ಮ. ತಂಗಿ ಅಂತ ಬರೀಲಾ? ಯಾರೂ ಕೇಳಲ್ಲ."

"ಸುಳ್ಳು ಬೇಡಪ್ಪ."

"ಏನಾದ್ರೂ ಬರೀಲೇಬೇಕು. ಖಾಲಿ ಬಿಟ್ರೆ ಕೊಡೋ ಹಾಗಿಲ್ಲ."

ಮೇಷ್ಟ್ರು ಕಿಟಕಿಯ ಕಡೆ ನೋಡುತ್ತಿದ್ದರು. ನಾನು ಯೋಚಿಸಿದೆ.

"ನೆರೆಯವಳು ಅಂತ ಬರ್ಕೊಳ್ಳಿ."

ಅವನು ವಿಳಾಸದ ಸಾಲು ನೋಡಿದ. "ನಿಮ್ಮ ಮನೆ ಊರಿನ ಆ ತುದೀಲಿದೆಯಲ್ಲ?"

"ಹೌದು. ಎರಡು ಬಸ್ಸು ಬದಲಾಯಿಸ್ಬೇಕು," ಎಂದೆ. "ಬರ್ಕೊಳ್ಳಿ."

ಬರೆದುಕೊಂಡ. ನಾನು ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದೆ. ಆಮೇಲೆ ಅವಳನ್ನು ನಮಗೆ ಕೊಟ್ಟರು.