ಕರಿಮುಸುಕಿನ ಅಳತೆ

‘ಇದೆಲ್ಲ ನನ್ನಿಂದಲೇ ಆಗ್ತಿರೋದು. ಯಾರಿಗಾದರೂ ಗೊತ್ತಾದರೆ?’ ಪರದೆಯ ಪಕ್ಕ ನಿಂತ ಗಂಗಾಶ್ರೀ ಉಗುರು ಕಚ್ಚಿದಳು.

ವೇದಿಕೆಯ ಮೇಲೆ ‘ಕರಿಮುಸುಕಿನ ಸರದಾರ’ ಹಾಡಿನ ನಾಟಕದ ಕೊನೆಯ ಪ್ರಾಕ್ಟೀಸ್. ಸರದಾರ ಮಾಳೇಶ ಕುದುರೆ ಹತ್ತಿದ. ಕುದುರೆ ಎಂದರೆ ಕಂಬಳಿ ಹೊದಿಸಿದ ಬೆಂಚು; ಒಂದು ಕಡೆ ರಟ್ಟಿನ ತಲೆ, ಇನ್ನೊಂದು ಕಡೆ ಸೆಣಬಿನ ಬಾಲ. ಅವನು ಬಾಲದ ಕಡೆ ಮುಖ ಮಾಡಿ ಕೂತಿದ್ದ.

“ಬಂದೆ ನಾನು ಬಿರುಗಾಳಿ, ಬಡವರೆಲ್ಲ ಎದ್ದೇಳಿ” ಎಂದು ಹಾಡುತ್ತ ಕೆಳಗೆ ಹಾರಿದ. “ಕೆಟ್ಟ ಸುಬೇದಾರ, ನಿಲ್ಲು” ಎಂದು ಕತ್ತಿ ಹಿಡಿದದ್ದು ಹಾರ್ಮೋನಿಯಂ ನುಡಿಸುತ್ತಿದ್ದ ಗುರುಮಲ್ಲಪ್ಪ ಮೇಷ್ಟರ ಮೂಗಿಗೆ.

ಎಲ್ಲರೂ ಬಿದ್ದು ಬಿದ್ದು ನಕ್ಕರು.

“ನಾನು ಸುಬೇದಾರನೇನಲೇ?” ಮೇಷ್ಟರು ಕತ್ತಿ ಸರಿಸಿದರು. “ನಾಳೆ ಸೊರಬದಾಗೆ ಕಾಂಪಿಟೇಶನ್ ಐತಿ. ಅಲ್ಲಿ ಜಡ್ಜಿಗೂ ಚುಚ್ತೀಯೇನು?”

“ಸರ್, ಇವನ ಹಾಡೆಲ್ಲ ನಂಗೂ ಬರ್ತಾವೆ” ಎಂದ ಸುಬೇದಾರನ ಪಾತ್ರದ ಗುರುಪ್ರಕಾಶ್.

ನಿನ್ನೆಯವರೆಗೆ ಮಾಳೇಶ ಒಂದು ಹೆಜ್ಜೆಯನ್ನೂ ತಪ್ಪಿರಲಿಲ್ಲ. ಮುಸುಕು ಬಂದದ್ದು ಇವತ್ತು. ಹೊಲಿದವಳು ಗಂಗಾಶ್ರೀ. “ಮೊದ್ಲು ಅಳತೆ ತಗಾ” ಎಂದು ಅಮ್ಮ ಟೇಪನ್ನೂ ಕೊಟ್ಟಿದ್ದಳು. ಆದರೆ ಹುಡುಗನ ಮುಖಕ್ಕೆ ಟೇಪು ಹಿಡಿದರೆ ಕ್ಲಾಸಿನವರು ಸುಮ್ಮನಿರುತ್ತಾರೆಯೇ? ಕನ್ನಡಿ ಮುಂದೆ ಕೂತು ತನ್ನ ಮುಖ ನೋಡಿಕೊಂಡೇ ಕಣ್ಣಿನ ತೂತು ಕತ್ತರಿಸಿದ್ದಳು. ಮಾಳೇಶನದು ಅಗಲ ಮುಖ.

ಅವನು ನೀರು ಕುಡಿಯಲು ಬಂದಾಗ ಪಿಸುಗುಟ್ಟಿದಳು. “ಕಾಣ್ತತೇನೋ?”

“ಒಂದು ಕಣ್ಣು ಕಾಣ್ತತಿ. ಇನ್ನೊಂದು ತೂತು ಮೂಗಿನ ಮೇಲೈತಿ.”

“ಸರ್‌ಗೆ ಹೇಳಬಾರ್ದಾ?”

“ಹೇಳಿದ್ರೆ ನಿಂಗೆ ಬೈತಾರೆ.” ಇಷ್ಟೇ ಹೇಳಿ, ಕಂಬಕ್ಕೆ ಒಮ್ಮೆ ಢಿಕ್ಕಿ ಹೊಡೆದು, ವೇದಿಕೆಗೆ ಹೋದ.

ಈ ಸಲ ಅವನು ಕುದುರೆಯನ್ನೇ ಬೀಳಿಸಿದ.

“ಸಾಕಪ್ಪ” ಎಂದರು ಮೇಷ್ಟರು. “ಮುಸುಕು ಬಿಚ್ಚಿ ಗುರುಪ್ರಕಾಶಂಗೆ ಕೊಡು.”

ಯಾರೂ ನಗಲಿಲ್ಲ. ಮಾಳೇಶ ತಲೆಯ ಹಿಂದಿನ ಗಂಟಿಗೆ ಕೈ ಹಾಕಿದ. ತನಗೆ ಬೀಳಬೇಕಾದ ಬೈಗುಳವನ್ನೆಲ್ಲ ಬೆಳಿಗ್ಗೆಯಿಂದ ಅವನೊಬ್ಬನೇ ತಿನ್ನುತ್ತಿದ್ದಾನೆ ಎಂದು ಗಂಗಾಶ್ರೀಗೆ ಆಗ ಹೊಳೆಯಿತು.

ಅವಳು ಪರದೆ ಸರಿಸಿ ವೇದಿಕೆಯ ನಡುವಿಗೆ ಬಂದಳು. ಇಡೀ ಕ್ಲಾಸು ಅವಳನ್ನೇ ನೋಡಿತು. ಆದರೂ ದನಿ ಹೊರಟಿತು.

“ಸರ್, ಇವನ ತಪ್ಪಲ್ಲ. ಇವನ ಮುಖ ಅಳೆಯಾಕೆ ನಂಗೆ ನಾಚಿಕೆ ಆತು.”