ಮಜ್ಜಿಗೆಗೆ ಮುಂಚೆ ಎದ್ದವನು

ಚುಕ್ಕಿಯ ಉಡಿದಾರ ಗಲಗಲ ಸದ್ದು ಮಾಡತೊಡಗಿತು. ಹತ್ತು ತಿಂಗಳ ಕೂಸಿನ ಮೈಮೇಲೆ ಇನ್ನೂ ಒಂದು ದದ್ದೂ ಎದ್ದಿರಲಿಲ್ಲ. ದಾರಕ್ಕೆ ಆಗಲೇ ಗೊತ್ತಾಗಿತ್ತು.

"ಹಾಲು ಕೊಟ್ರಾ?" ಎಂದಳು ಆ ದಾರವನ್ನು ಕಂಡುಹಿಡಿದ ಡಾ. ಇಂಚರ.

"ಒಂದು ತೊಟ್ಟೂ ಇಲ್ಲ ಕಣಮ್ಮ. ಬರೀ ಮಜ್ಜಿಗೆ ಅನ್ನ," ಎಂದರು ಅಜ್ಜಿ ದಾಕ್ಷಾಯಿಣಮ್ಮ.

"ಮಜ್ಜಿಗೇನ ಬಾವೀಲಿ ಸೇದ್ತೀರಾ, ಅಮ್ಮಾ?"

ಚಾಪೆ ಹಾಸುತ್ತಿದ್ದ ಉಮಾಪತಿ ನಗು ತಡೆದುಕೊಂಡ. ಅವನು ಚುಕ್ಕಿಯ ಸೋದರಮಾವ. ಅಂದು ಅವಳ ಕಿವಿ ಚುಚ್ಚಿಸುವಾಗ ತೊಡೆಯ ಮೇಲೆ ಕೂರಿಸಿಕೊಳ್ಳಬೇಕಾದವನು.

ಕೂಸಿಗೆ ಮದ್ದಿನ ಹನಿ ಹಾಕುತ್ತ ಇಂಚರ ವಿವರಿಸಿದಳು. ಮೈಯೊಳಗೆ ಕಾವಲುಗಾರರಿರುತ್ತಾರೆ. ಕೆಲವರಲ್ಲಿ ಅವರು ಹಸುವಿನ ಹಾಲಿನ ಪ್ರೋಟೀನನ್ನೇ ಕಳ್ಳನೆಂದು ತಿಳಿದು ಬೊಬ್ಬೆ ಹಾಕುತ್ತಾರೆ. ದದ್ದು, ವಾಂತಿ, ಉಬ್ಬಸ ಎಲ್ಲವೂ ಆ ಬೊಬ್ಬೆಯೇ. ಹೆಪ್ಪು ಹಾಕಿದರೂ ಕಡೆದರೂ ಕಳ್ಳ ಎಲ್ಲೂ ಹೋಗುವುದಿಲ್ಲ. ಬೊಬ್ಬೆಗೆ ಮುಂಚಿನ ಪಿಸುಮಾತನ್ನು ಚರ್ಮದ ಮೇಲಿಂದಲೇ ಕೇಳಿಸಿಕೊಳ್ಳುವ ಈ ಎಳೆಗೆ ಅವಳಿಟ್ಟ ಹೆಸರು ಅರಿವುದಾರ.

ಉಮಾಪತಿ ಕೇಳಿದ್ದು ಅರ್ಧ. ಉಳಿದರ್ಧ ಅವಳನ್ನು ನೋಡುವುದರಲ್ಲೇ ಕಳೆಯಿತು. ಆರು ವರ್ಷದ ಹಿಂದೆ ಅವಳನ್ನು ನೋಡಲು ಹೋದಾಗ ಊಟದ ಕೊನೆಗೆ ಮಜ್ಜಿಗೆ ಬರುವ ಮುಂಚೆಯೇ ಬಸ್ಸಿಗೆ ಹೊತ್ತಾಯ್ತೆಂದು ಎದ್ದುಬಿಟ್ಟಿದ್ದ. "ನಮ್ಮನೆ ಮಜ್ಜಿಗೆ ಬೇಡದೋನಿಗೆ ನಮ್ಮ ಮಗಳು ಯಾಕೆ?" ಎಂದು ಅವಳ ತಂದೆ ಗುರುಮಲ್ಲಪ್ಪ ಸಂಬಂಧವನ್ನೇ ಕಡಿದುಕೊಂಡಿದ್ದರು.

ಕಿವಿ ಚುಚ್ಚಿದ್ದಾಯಿತು, ಅತ್ತದ್ದಾಯಿತು. ಚುಕ್ಕಿಯನ್ನು ತೊಡೆಯ ಮೇಲಿಟ್ಟುಕೊಂಡೇ ಉಮಾಪತಿ ಪಂಕ್ತಿಯಲ್ಲಿ ಕುಳಿತ. ಎದುರಿಗೆ ಮಗಳ ಜೊತೆ ಬಂದಿದ್ದ ಗುರುಮಲ್ಲಪ್ಪ, ಅವರ ಪಕ್ಕದಲ್ಲಿ ಇಂಚರ. ಮಜ್ಜಿಗೆ ಬಂತು.

"ಏನಪ್ಪಾ, ಇವತ್ತೂ ಬಸ್ಸಿಗೆ ಹೊತ್ತಾಯ್ತಾ?" ಎಂದರು ಗುರುಮಲ್ಲಪ್ಪ.

ಇಂಚರ ತಲೆಯೆತ್ತಿ ನೋಡಿದಳು. ಇನ್ನೊಮ್ಮೆ ಅವಳೆದುರು ಎದ್ದುಹೋಗುವುದು ಅವನಿಂದಾಗಲಿಲ್ಲ. ದೊನ್ನೆ ಒಡ್ಡಿ, ಹಾಕಿಸಿಕೊಂಡು, ಗಟಗಟನೆ ಕುಡಿದುಬಿಟ್ಟ.

ಉಡಿದಾರ ಮನೆ ಹಾರಿಹೋಗುವಂತೆ ಗಲಗಲಿಸಿತು.

"ಯಾರ್ರೀ ಕೂಸಿಗೆ ಮಜ್ಜಿಗೆ ಹಾಕ್ದೋರು?" ದಾಕ್ಷಾಯಿಣಮ್ಮ ಕೂಗಿದರು.

ಚುಕ್ಕಿ ಬಾಳೆಲೆಯ ತುದಿ ಹರಿಯುತ್ತ ಹಾಯಾಗಿತ್ತು. ಇಂಚರ ಅದರ ಬಾಯಿ ನೋಡಿದಳು, ಹೊಟ್ಟೆ ನೋಡಿದಳು. ಆಮೇಲೆ ದಾರದ ಕೆಳಗೆ ಸಿಕ್ಕಿಕೊಂಡಿದ್ದ ಮಾವನ ಬೆರಳುಗಳನ್ನು ಕಂಡಳು; ಊದಿದ ಅವನ ತುಟಿಯನ್ನೂ.

"ಕೂಸಲ್ಲ, ಮಾವ!" ಎಂದವಳೇ ಅವನ ತೊಡೆಗೆ ಸೂಜಿಮದ್ದು ಚುಚ್ಚಿದಳು.

ಸಂಜೆ ಆಸ್ಪತ್ರೆಯಲ್ಲಿ ಅವನ ತುಟಿ ಮೊದಲಿನಂತಾಗಿತ್ತು.

"ಚಿಕ್ಕಂದಿನಿಂದ್ಲೂ ಹೀಗೇನಾ?"

"ಗಂಟಲು ಕಡೀತಿತ್ತು. ಅಮ್ಮ ನಾಟಕ ಅಂತಿದ್ರು."

"ಮಕ್ಕಳಿಗೆ ಅಂತಲೇ ದಾರ ಮಾಡಿದೆ ನೋಡಿ. ದೊಡ್ಡೋರಿಗೂ ಇರುತ್ತೆ, ಅವರನ್ನ ಕೇಳೋರಿಲ್ಲ. ಗೊತ್ತಿದ್ದೂ ಯಾಕೆ ಕುಡಿದ್ರಿ?"

"ನೀವು ನೋಡ್ತಿದ್ರಿ."

ಇಂಚರ ಅಗತ್ಯವಿಲ್ಲದಿದ್ದರೂ ಅವನ ನಾಡಿ ಹಿಡಿದಳು. ಬಾಗಿಲಲ್ಲಿ ಯಾರೋ ಕೆಮ್ಮಿದರು. ಫ್ಲಾಸ್ಕ್ ಹಿಡಿದ ಗುರುಮಲ್ಲಪ್ಪ.

"ತಿಳಿಸಾರು ತಂದಿದೀನಪ್ಪಾ," ಎಂದರು, ನೆಲ ನೋಡುತ್ತ. "ತುಪ್ಪದ್ದಲ್ಲ, ಎಣ್ಣೆ ಒಗ್ಗರಣೆ."

ಮಗಳ ಮದುವೆಯ ಊಟದಲ್ಲಿ ಅಡುಗೆಯವರನ್ನು ಪಕ್ಕಕ್ಕೆ ಸರಿಸಿ ಗುರುಮಲ್ಲಪ್ಪನವರೇ ಮಜ್ಜಿಗೆ ಬಡಿಸಲು ನಿಂತರು. ಮದುಮಗ ಎದ್ದ. ಅವನ ಹಿಂದೆಯೇ ಮುದುಕರೊಬ್ಬರು ಎದ್ದರು. ಆಮೇಲೆ ಪೊಲೀಸ್ ಮೀಸೆಯವರೊಬ್ಬರು, ಸೋದರತ್ತೆ, ಪುರೋಹಿತರು. ಇಷ್ಟು ಕಾಲ ಮಜ್ಜಿಗೆಯನ್ನು ಗುಟ್ಟಾಗಿ ಎಲೆಯ ಕೆಳಗೆ ಸುರಿದವರೆಲ್ಲ ಸಾಲಾಗಿ ಎದ್ದು ನಿಂತರು.

"ಇಷ್ಟೂ ಜನಾನಾ!" ಗುರುಮಲ್ಲಪ್ಪ ತುಂಬಿದ ಪಾತ್ರೆ ಹಿಡಿದು ನಿಂತೇಬಿಟ್ಟರು.

ಇಂಚರ ಮಾತ್ರ ಏಳಲಿಲ್ಲ.

"ನೀವು ಹೋಗಿ ಎಲೆಯಡಿಕೆ ಮಡಚಿಡಿ," ಎಂದಳು ಗಂಡನಿಗೆ. "ಅಪ್ಪಾ, ಅವರ ಪಾಲಿಂದೂ ನನಗೇ ಹಾಕಿ."